ಹಳೆಯ ಕೆಗ್‌ಗೆ ಹೊಸ ಬಿಡಿಭಾಗ: ಕೊಳ್ಳುವ ಮುನ್ನ ಥ್ರೆಡ್ ನೋಡಿ

ಅಮೆರಿಕದಲ್ಲಿ ನೆಲೆಸಿ, ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಹಚ್ಚಿಕೊಂಡ ಕನ್ನಡಿಗರಿಗೆ ‘ಕಾರ್ನಿ ಕೆಗ್’ ಹೊಸದೇನಲ್ಲ. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಈ ಉದ್ದನೆಯ ಸ್ಟೀಲ್ ಪಾತ್ರೆ ಹುಟ್ಟಿದ್ದು ಬಿಯರ್‌ಗಾಗಿ ಅಲ್ಲ, ತಂಪು ಪಾನೀಯಕ್ಕಾಗಿ. ಪೆಪ್ಸಿ, ಕೋಕಾ ಕೋಲಾದ ಸಿರಪ್ ಹೋಟೆಲುಗಳಿಗೆ ಹೋಗುತ್ತಿದ್ದುದು ಇದರಲ್ಲೇ. ಮುಂದೆ ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಸಿರಪ್ ಬರತೊಡಗಿದಾಗ ಈ ಕೆಗ್‌ಗಳೆಲ್ಲ ಮೂಲೆ ಸೇರಿದವು. ಅಲ್ಲಿಂದ ಅವು ಹವ್ಯಾಸಿಗಳ ಕೈಗೆ ಬಂದವು.

ಸೆಕೆಂಡ್ ಹ್ಯಾಂಡ್ ಕೆಗ್‌ನಲ್ಲಿ ಏನಾದರೊಂದು ಇರುವುದಿಲ್ಲ. ಒಂದರಲ್ಲಿ ಮುಚ್ಚಳವಿಲ್ಲ, ಇನ್ನೊಂದರಲ್ಲಿ ಒಳಗಿನ ಕೊಳವೆಯೇ ಮಾಯ. ಅದಕ್ಕೆ ಹೆದರಬೇಕಿಲ್ಲ. ಬೆಲೆ ಇರುವುದು ಪಾತ್ರೆಗೆ. ಉಳಿದದ್ದೆಲ್ಲ ಬಿಡಿಯಾಗಿ ಸಿಗುತ್ತದೆ. ಒಳಗೆ ಟಾರ್ಚ್ ಬಿಟ್ಟು ನೋಡಿ. ತುಕ್ಕಿನ ಗುಳಿಗಳಿದ್ದರೆ, ಬೆಸುಗೆಯ ಜಾಗದಲ್ಲಿ ಪೆಟ್ಟು ಬಿದ್ದಿದ್ದರೆ ಅಥವಾ ಮುಚ್ಚಳ ಕೂರುವ ಬಾಯಿಯ ಅಂಚು ಬಾಗಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಹೊಟ್ಟೆಯ ಮೇಲಿನ ಸಣ್ಣಪುಟ್ಟ ತಗ್ಗು ತೊಂದರೆ ಕೊಡುವುದಿಲ್ಲ.

ಮೊದಲು ಜಾತಕ ತಿಳಿಯಿರಿ

ಬಿಡಿಭಾಗಕ್ಕೆ ಆರ್ಡರ್ ಹಾಕುವ ಮುನ್ನ ಕೆಗ್ ಯಾವುದೆಂದು ಗೊತ್ತಾಗಬೇಕು. ಮೇಲ್ಭಾಗದಲ್ಲಿ ಎರಡು ಮೂತಿಗಳಿರುತ್ತವೆ. ಒಂದು ಗ್ಯಾಸ್ (ಕಾರ್ಬನ್ ಡೈಆಕ್ಸೈಡ್) ಒಳಗೆ ಹೋಗಲು, ಇನ್ನೊಂದು ಬಿಯರ್ ಹೊರಗೆ ಬರಲು. ಇವಕ್ಕೆ ಪೋಸ್ಟ್ ಎನ್ನುತ್ತಾರೆ. ಪೋಸ್ಟ್‌ನ ಪಕ್ಕಕ್ಕೆ ಪುಟ್ಟ ಕಡ್ಡಿಗಳು ಚಾಚಿಕೊಂಡಿದ್ದರೆ ಅದು ಪಿನ್ ಲಾಕ್, ಕೋಕಾ ಕೋಲಾ ಕಡೆಯದು. ಗ್ಯಾಸ್ ಕಡೆ ಎರಡು ಪಿನ್, ಬಿಯರ್ ಕಡೆ ಮೂರು. ಪಿನ್ ಇಲ್ಲದೆ ನುಣ್ಣಗಿದ್ದರೆ ಬಾಲ್ ಲಾಕ್, ಪೆಪ್ಸಿ ಕಡೆಯದು. ಇದರಲ್ಲಿ ಬುಡದ ಮೂಲೆಗಳಿಗೆ ಕಚ್ಚು ಹಾಕಿರುವ ಪೋಸ್ಟ್ ಗ್ಯಾಸಿನದು. ಪೋಸ್ಟ್‌ಗಳೇ ಕಾಣೆಯಾಗಿದ್ದರೆ ಆಕಾರ ನೋಡಿ: ಬಾಲ್ ಲಾಕ್ ತೆಳ್ಳಗೆ ಎತ್ತರ, ಪಿನ್ ಲಾಕ್ ತುಸು ಕುಳ್ಳು, ದಪ್ಪ.

ಇಷ್ಟು ತಿಳಿದರೆ ಸಾಲದು. ಹೆಚ್ಚಿನವರು ಎಡವುವುದು ಥ್ರೆಡ್‌ನಲ್ಲಿ. ಕಾರ್ನೀಲಿಯಸ್, ಫೈರ್‌ಸ್ಟೋನ್, ಸ್ಪಾರ್ಟನ್‌ಬರ್ಗ್, ಜಾನ್ ವುಡ್ ಹೀಗೆ ಹಲವರು ಈ ಕೆಗ್ ಮಾಡಿದ್ದಾರೆ. ಪೋಸ್ಟ್ ಕೂರುವ ಥ್ರೆಡ್‌ನಲ್ಲಿ 9/16, 19/32, 5/8 ಇಂಚು ಎಂಬ ಮೂರು ಅಳತೆಗಳುಂಟು. ಮೂರರಲ್ಲೂ ಇಂಚಿಗೆ 18 ಸುತ್ತು. ಒಂದಕ್ಕೂ ಮುಂದಿನದಕ್ಕೂ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ಹಾಗಾಗಿ ದೊಡ್ಡ ಅಳತೆಯ ಪೋಸ್ಟ್ ಚಿಕ್ಕ ಥ್ರೆಡ್ ಮೇಲೆ ಸಡಿಲವಾಗಿ ಕೂತುಬಿಡುತ್ತದೆ, ಸರಿಯಾಗಿದೆ ಎನಿಸುತ್ತದೆ. ಒಳಗೆ ಒತ್ತಡ ಏರಿದಾಗ ಅದೇ ಪೋಸ್ಟ್ ಕಿತ್ತು ಹಾರಬಹುದು. ಕೆಗ್ ಮೇಲೆ ಅಚ್ಚೊತ್ತಿರುವ ಕಂಪನಿ ಹೆಸರು, ಮಾದರಿ ಬರೆದುಕೊಳ್ಳಿ, ವರ್ನಿಯರ್‌ನಿಂದ ಥ್ರೆಡ್ ಅಳೆಯಿರಿ, ಅಂಗಡಿಯವರಿಗೆ ಎರಡನ್ನೂ ಹೇಳಿ.

ಬಿಚ್ಚುವುದು

ಒಳಗೆ ಒತ್ತಡ ಇರುವಾಗ ಸ್ಪ್ಯಾನರ್ ಮುಟ್ಟಲೇಬೇಡಿ. ಮುಚ್ಚಳದ ಮೇಲಿನ ಸುರಕ್ಷಾ ವಾಲ್ವ್‌ನ ಉಂಗುರ ಎಳೆದು, ಹಿಸ್ಸೆನ್ನುವ ಸದ್ದು ಪೂರ್ತಿ ನಿಲ್ಲುವ ತನಕ ಕಾಯಿರಿ. ಕೆಲವು ಪಿನ್ ಲಾಕ್ ಮುಚ್ಚಳಗಳಲ್ಲಿ ಉಂಗುರವಿರುವುದಿಲ್ಲ. ಆಗ ಗ್ಯಾಸ್ ಪೋಸ್ಟ್ ಮಧ್ಯದ ಸಣ್ಣ ಗುಂಡಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ, ಮುಖ ಪಕ್ಕಕ್ಕಿರಲಿ.

ಬಳಿಕ ಪೋಸ್ಟ್ ತಿರುಗಿಸಿ ತೆಗೆಯಿರಿ. ಅದರೊಳಗಿನ ಸ್ಪ್ರಿಂಗ್ ಇರುವ ಪುಟ್ಟ ವಾಲ್ವೇ ಪಾಪೆಟ್. ಕೆಳಗೆ ಡಿಪ್ ಟ್ಯೂಬ್: ಬಿಯರ್ ಕಡೆಯದು ತಳ ಮುಟ್ಟುವಷ್ಟು ಉದ್ದ, ಗ್ಯಾಸ್ ಕಡೆಯದು ಬೆರಳಿನಷ್ಟೂ ಇಲ್ಲ. ಟ್ಯೂಬ್‌ನ ಕೊರಳಿನ ಕೆಳಗೆ ತೆಳ್ಳನೆಯ ಕಪ್ಪು ಓ-ರಿಂಗ್ ಇರುತ್ತದೆ. ಹಳೆಯದಾದರೆ ಅದು ಗಟ್ಟಿಯಾಗಿ, ಟ್ಯೂಬ್ ಹೊರಬಂದರೂ ತೂತಿನ ಅಂಚಿಗೇ ಅಂಟಿಕೊಂಡಿರುತ್ತದೆ. ಕಣ್ಣಿಗೆ ಸ್ಟೀಲಿನ ನೆರಳಿನಂತೆ ಕಾಣುವುದರಿಂದ ಅದರ ಮೇಲೇ ಹೊಸದನ್ನು ಕೂರಿಸಿಬಿಡುವವರುಂಟು. ಆಮೇಲೆ ಸೋರಿಕೆ ನಿಲ್ಲುವುದೇ ಇಲ್ಲ. ಟೂತ್‌ಪಿಕ್ ಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ. ಕಬ್ಬಿಣದ ಮೊನೆ ತಾಗಿಸಿದರೆ ಗೀರು ಬೀಳುತ್ತದೆ.

ಓ-ರಿಂಗ್‌ಗಳು ಒಟ್ಟು ಐದು: ಮುಚ್ಚಳಕ್ಕೆ ದೊಡ್ಡದೊಂದು, ಪೋಸ್ಟ್‌ಗಳಿಗೆ ಎರಡು, ಟ್ಯೂಬ್‌ಗಳಿಗೆ ಎರಡು. ಚೆನ್ನಾಗಿ ಕಂಡರೂ ಐದನ್ನೂ ಬದಲಿಸಿ. ಕೋಲಾ ವಾಸನೆ ರಬ್ಬರಿನಲ್ಲಿ ಉಳಿದು ಬಿಯರ್‌ಗೆ ಇಳಿಯುತ್ತದೆ. ಪಾತ್ರೆ ತೊಳೆಯಲು ಬಿಸಿನೀರು, ಬ್ರೂವಿಂಗ್ ಅಂಗಡಿಯ ಕ್ಲೀನರ್ ಸಾಕು. ಬ್ಲೀಚ್ ಬೇಡ, ಕ್ಲೋರಿನ್ ಸ್ಟೀಲನ್ನು ತಿನ್ನುತ್ತದೆ.

ಜೋಡಿಸುವುದು

ರಿಂಗ್‌ಗಳಿಗೆ ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಲ್ಯೂಬ್ ತೆಳ್ಳಗೆ ಸವರಿ. ವ್ಯಾಸಲೀನ್ ಸಲ್ಲದು. ಉದ್ದ ಟ್ಯೂಬ್ ಬಿಯರ್ ಕಡೆ, ಗಿಡ್ಡದು ಗ್ಯಾಸ್ ಕಡೆ. ಪಾಪೆಟ್ ಆಯಾ ಪೋಸ್ಟ್‌ಗೆ ಹೊಂದುವಂಥದ್ದೇ ಬೇಕು. ಪೋಸ್ಟ್ ಹೊಸದಾಗಿ ಕೊಳ್ಳುವುದಾದರೆ ಪಾಪೆಟ್ ಸಮೇತ ಕೊಳ್ಳುವುದು ಜಾಣತನ. ಪೋಸ್ಟನ್ನು ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಇಲ್ಲಿ ಸೋರಿಕೆ ತಡೆಯುವುದು ರಿಂಗ್, ಥ್ರೆಡ್ ಅಲ್ಲ. ಟೆಫ್ಲಾನ್ ಟೇಪೂ ಬೇಡ, ಮೈಬಲವೂ ಬೇಡ.

ಮುಚ್ಚಳ ಹಾಕುವ ಬಗೆ ಹಾಕಿನ್ಸ್ ಕುಕ್ಕರ್ ಬಳಸಿದವರಿಗೆ ಹೇಳಿಕೊಡಬೇಕಿಲ್ಲ. ಅಂಡಾಕಾರದ ಮುಚ್ಚಳವನ್ನು ಓರೆಯಾಗಿ ಒಳಗಿಳಿಸಿ, ತಿರುಗಿಸಿ ಮೇಲಕ್ಕೆ ಎಳೆದು ತಂತಿಯ ಹಿಡಿ ಮಡಿಚುವುದು. ಒಳಗಿನ ಒತ್ತಡವೇ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೇ ಖಾಲಿ ಕೆಗ್‌ಗೆ ಮೊದಲು 30 ಪಿಎಸ್‌ಐ ಗ್ಯಾಸ್ ಕೊಟ್ಟು ಮುಚ್ಚಳ ಕೂರಿಸಿ. ಬಿಯರ್ ಬಡಿಸಲು 10ರಿಂದ 12 ಸಾಕಾಗುತ್ತದೆ. ಸುರಕ್ಷಾ ವಾಲ್ವ್ ಕೆಟ್ಟಿದ್ದರೆ ಹೊಸದನ್ನೇ ಹಾಕಿ. ಆ ತೂತಿಗೆ ಬೋಲ್ಟ್ ಜಡಿದು ಕೆಲಸ ಮುಗಿಸುವುದು ಪ್ರಾಣಕ್ಕೆ ಎರವಾಗುವ ಕೆಲಸ.

ಈಗ ಸೋಪಿನ ನೀರು ಚಿಮುಕಿಸಿ. ಪೋಸ್ಟ್ ನಡುವೆ ಗುಳ್ಳೆ ಎದ್ದರೆ ಪಾಪೆಟ್ ದೋಷ. ಬುಡದಲ್ಲಿ ಎದ್ದರೆ ಟ್ಯೂಬ್‌ನ ರಿಂಗ್. ಪೈಪ್ ಸಿಕ್ಕಿಸಿದಾಗ ಮಾತ್ರ ಎದ್ದರೆ ಪೋಸ್ಟ್‌ನ ರಿಂಗ್. ಮುಚ್ಚಳದ ಅಂಚಿನಲ್ಲಾದರೆ ದೊಡ್ಡ ರಿಂಗ್. ಒತ್ತಡ ಬಿಟ್ಟು, ಮುಚ್ಚಳ ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಗ್ಯಾಸ್ ಪೈಪ್ ಕಳಚಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ಒತ್ತಡ ಅಳೆಯಿರಿ. ಈ ಪರೀಕ್ಷೆ ಬೇಸ್‌ಮೆಂಟ್‌ನಲ್ಲಿ ಮಾಡುವುದಾದರೆ ಕಿಟಕಿ ತೆರೆದಿರಲಿ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ.

ಕಾನೂನಿನ ಮಾತೂ ಇರಲಿ. ಅಮೆರಿಕದ ಫೆಡರಲ್ ಕಾನೂನು ಸ್ವಂತ ಬಳಕೆಗೆ ವಯಸ್ಕ ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಯರ್ ತಯಾರಿಸಲು ಬಿಡುತ್ತದೆ. ಮಾರುವಂತಿಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ. ಊರಿಗೆ ಕೆಗ್ ತಂದವರು ಅದನ್ನು ಸೋಡಾಕ್ಕೆ, ನಿಂಬೆ ಶರಬತ್ತಿಗೆ ಬಳಸಲಿ.

ಎಲ್ಲ ಮುಗಿದ ಮೇಲೆ ಒಂದು ಟೇಪ್ ಮೇಲೆ ಕಂಪನಿ ಹೆಸರು, ಥ್ರೆಡ್ ಅಳತೆ, ರಿಂಗ್ ಬದಲಿಸಿದ ತಾರೀಖು ಬರೆದು ಕೆಗ್‌ಗೆ ಅಂಟಿಸಿಡಿ. ಮುಂದಿನ ಸಲ ಬಿಡಿಭಾಗ ತರಿಸುವಾಗ ಅಳತೆಗಾಗಿ ಮತ್ತೆ ಬಿಚ್ಚಬೇಕಾಗುವುದಿಲ್ಲ.