ಟಿಗ್ ಬೆಸುಗೆಯಲ್ಲಿ ಕಿಡಿ ನಿಲ್ಲಿಸುವ ಬಗೆ

ಕಿತ್ತುಹೋದ ಸ್ಟೀಲ್ ಕ್ಯಾನಿನ ಹಿಡಿಯನ್ನೋ ಕೊಟ್ಟಿಗೆಯ ಕಬ್ಬಿಣದ ಸರಳನ್ನೋ ಮನೆಯಲ್ಲೇ ಬೆಸೆಯಲೆಂದು ಕಡಿಮೆ ಬೆಲೆಯ ಟಿಗ್ ಯಂತ್ರ ಕೊಂಡ ಕೃಷಿಕರುಂಟು. ಅವರಿಗೆ ಮೊದಲು ಎದುರಾಗುವ ತೊಂದರೆಯೆಂದರೆ ಕಿಡಿ ಹೊತ್ತಿ ಆರುವುದು, ಇಲ್ಲವೆ ಅತ್ತಿತ್ತ ಅಲೆಯುವುದು. ಕರೆಂಟು ಹೆಚ್ಚಿಸಿದ ಮಾತ್ರಕ್ಕೆ ಇದು ಸರಿಹೋಗದು. ದೋಷವು ಹೆಚ್ಚಾಗಿ ಟಂಗ್‌ಸ್ಟನ್ ಕಡ್ಡಿಯ ತುದಿಯಲ್ಲಿರುತ್ತದೆ.

ದುಬಾರಿ ಯಂತ್ರಗಳಲ್ಲಿ ಕಡ್ಡಿಯು ಲೋಹವನ್ನು ಮುಟ್ಟದೆಯೇ ಕಿಡಿ ಹಾರುತ್ತದೆ. ಅಗ್ಗದ ಹಲವು ಯಂತ್ರಗಳಲ್ಲಿ ಮುಟ್ಟಿಸಿಯೇ ಹೊತ್ತಿಸಬೇಕು. ಆಗ ತುದಿಗೆ ಲೋಹ ಅಂಟಿದರೆ ಕಿಡಿ ಒಂದೆಡೆ ನಿಲ್ಲದು. ಆದುದರಿಂದ ಈ ಕ್ರಮವನ್ನು ಅನುಸರಿಸತಕ್ಕದ್ದು:

1. ಟಾರ್ಚನ್ನು ಋಣ (−) ತುದಿಗೂ ಅರ್ಥ್ ಕ್ಲಾಂಪನ್ನು ಧನ (+) ತುದಿಗೂ ಜೋಡಿಸಿರಿ. ತಿರುವುಮುರುವಾದರೆ ಕಡ್ಡಿಯ ತುದಿ ಕರಗಿ ಉಂಡೆಯಾಗುತ್ತದೆ.

2. ಬೆಸೆಯುವ ಜಾಗವನ್ನೂ ಕ್ಲಾಂಪ್ ಕಚ್ಚುವ ಜಾಗವನ್ನೂ ತುಕ್ಕು, ಬಣ್ಣ, ಎಣ್ಣೆಯಿಲ್ಲದಂತೆ ಉಜ್ಜಿರಿ.

3. ಕಡ್ಡಿಯನ್ನು ಉದ್ದುದ್ದಕ್ಕೆ ಸಾಣೆ ಹಿಡಿದು ಪೆನ್ಸಿಲಿನಂತೆ ಚೂಪು ಮಾಡಿರಿ. ಅಡ್ಡಗೀರು ಬಿದ್ದರೆ ಕಿಡಿ ಅಲೆಯುತ್ತದೆ. ಕೆಂಪು ಗುರುತಿನ ಕಡ್ಡಿಯಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದರಿಂದ ಅದರ ಧೂಳು ಒಳ್ಳೆಯದಲ್ಲ. ಲ್ಯಾಂಥನಂ ಬೆರೆತ ಕಡ್ಡಿ ಲೇಸು.

4. ಶುದ್ಧ ಆರ್ಗಾನ್ ಅನಿಲವನ್ನೇ ಬಳಸಿರಿ. ನಿಮಿಷಕ್ಕೆ 6ರಿಂದ 10 ಲೀಟರ್ ಸಾಕು. ಫ್ಯಾನಿನ ಗಾಳಿ, ಬಯಲುಗಾಳಿ ತಾಗಿದರೆ ಅನಿಲ ಚದರಿ ಬೆಸುಗೆ ಕಪ್ಪಾಗುತ್ತದೆ.

5. ಸುಮಾರು 1.5 ಮಿಲಿಮೀಟರ್ ದಪ್ಪದ ಸ್ಟೀಲಿಗೆ 1.6 ಮಿಲಿಮೀಟರ್ ಕಡ್ಡಿ, 40ರಿಂದ 60 ಆಂಪಿಯರ್ ಇಟ್ಟು ನೋಡಿರಿ. ಟಾರ್ಚಿನಲ್ಲಿ ವಾಲ್ವ್ ಇದ್ದರೆ ಮೊದಲು ಅನಿಲ ಬಿಡಿರಿ. ಬೆಸುಗೆಯ ಪಕ್ಕದಲ್ಲಿ ತಾಮ್ರದ ತುಂಡನ್ನಿಟ್ಟು ಅದರ ಮೇಲೆ ಬೆಂಕಿಕಡ್ಡಿ ಗೀರಿದಂತೆ ಮೆಲ್ಲನೆ ಗೀರಿ, ತಕ್ಷಣ 2 ಮಿಲಿಮೀಟರ್ ಮೇಲೆತ್ತಿ, ಕಿಡಿಯನ್ನು ಬೆಸುಗೆಗೆ ಸರಿಸಿರಿ. ‘ಲಿಫ್ಟ್’ ಸೌಲಭ್ಯವಿದ್ದರೆ ಗೀರದೆ, ಮುಟ್ಟಿಸಿ ಎತ್ತಿದರೆ ಸಾಕು.

ಕಡ್ಡಿ ಅಂಟಿಕೊಂಡರೆ ಕೂಡಲೇ ನಿಲ್ಲಿಸಿ ಮತ್ತೆ ಸಾಣೆ ಹಿಡಿಯಿರಿ. ಕೆಟ್ಟ ತುದಿಯಿಂದ ಕೆಲಸ ಮುಂದುವರಿಸುವುದು ಅನಿಲಕ್ಕೂ ಹಣಕ್ಕೂ ನಷ್ಟ. ಕೆಲಸ ಮುಗಿದ ಬಳಿಕ ಕಡ್ಡಿಯ ಕೆಂಪು ಆರುವವರೆಗೆ ಅನಿಲ ಹರಿಯಲಿ.

ಬರೇ ಡಿ.ಸಿ. ಇರುವ ಯಂತ್ರ ಅಲ್ಯೂಮಿನಿಯಂ ಪಾತ್ರೆಗೆ ಒದಗದು, ಅದಕ್ಕೆ ಎ.ಸಿ. ಬೇಕು. ಔಷಧಿ ಅಥವಾ ಎಣ್ಣೆ ತುಂಬಿದ್ದ ಡಬ್ಬಗಳನ್ನು ಬೆಸೆಯಹೋಗಬಾರದು, ಸಿಡಿಯುವ ಅಪಾಯವುಂಟು. ಕಣ್ಣಿಗೆ ವೆಲ್ಡಿಂಗ್ ಗಾಜು, ಕೈಗೆ ಚರ್ಮದ ಗವಸು ಇಲ್ಲದೆ ಕಿಡಿ ಹೊತ್ತಿಸಲೇಬಾರದು. ಮೊದಲ ದಿನ ಗುಜರಿ ತುಂಡಿನ ಮೇಲೆ ಅಭ್ಯಾಸ ಮಾಡಿ, ಕೈ ಕುದುರಿದ ಮೇಲೆ ಕ್ಯಾನಿಗೆ ಕೈಹಾಕಿರಿ.