ಜಿರಾ ಆಮೇಲೆ ಕಲಿಸಿ

ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು ನಿಮ್ಮ ಆಫೀಸಿಗೆ ಅಪ್ರೆಂಟಿಸ್ ಆಗಿ ಬಂದಿದ್ದಾಳೆ, ಮುಂದೆ ಅವಳನ್ನು ಡಿಜಿಟಲ್ ಪ್ರಾಜೆಕ್ಟ್ ಮ್ಯಾನೇಜರ್ ಮಾಡಬೇಕು ಅಂತಿದ್ದೀರಿ, ಅಲ್ಲವೇ? ಮೊದಲ ದಿನವೇ ಕೆಲಸಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಜಿರಾದ ಲಾಗಿನ್ ಕೊಟ್ಟು ಮೂಲೆಯಲ್ಲಿ ಕೂರಿಸಬೇಡಿ. ಜಿರಾ ವಾರದಲ್ಲಿ ಬರುತ್ತದೆ. ಸರಿಯಾದ ಪ್ರಶ್ನೆ ಕೇಳುವುದು ಅಷ್ಟು ಬೇಗ ಬರುವುದಿಲ್ಲ.

ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗ ಒಂದು ಆ್ಯಪ್‌ನ ಕೆಲಸದ ಪಟ್ಟಿಯಲ್ಲಿ ‘ಒಟಿಪಿ: ಅರ್ಧ ದಿನ’ ಎಂದು ಬರೆದಿದ್ದ. ಕೋಡ್ ಅರ್ಧ ದಿನದಲ್ಲೇ ಮುಗಿಯಿತು. ಆದರೆ ನಮ್ಮ ದೇಶದಲ್ಲಿ ಒಟಿಪಿ ಎಸ್ಸೆಮ್ಮೆಸ್ ಹೋಗಬೇಕಾದರೆ ಕಳಿಸುವವರ ಹೆಸರು, ಸಂದೇಶದ ಒಕ್ಕಣೆ ಎರಡೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಪೋರ್ಟಲ್‌ನಲ್ಲಿ ಮೊದಲೇ ನೋಂದಣಿಯಾಗಿರಬೇಕು. ಅದು ಯಾರ ಕೆಲಸ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಲಾಂಚ್ ಮುಂದೆ ಹೋಯಿತು. ಕ್ಲೈಂಟ್ ಹತ್ತಿರ ನಾನು ಬೈಸಿಕೊಂಡೆ. ಆ ಹುಡುಗ ಮಾತ್ರ ಮರುದಿನವೇ ಪಟ್ಟಿಗೆ ಹೊಸ ಕಾಲಂ ಸೇರಿಸಿದ: ‘ಹೊರಗಿನವರ ಒಪ್ಪಿಗೆ ಬೇಕಾ?’

ಹಾಗಾಗಿ ಕಲಿಯುವವರನ್ನು ಸಣ್ಣ ತಪ್ಪು ಮಾಡಲು ಬಿಡಿ, ಬೈಗುಳಕ್ಕೆ ಮಾತ್ರ ನೀವೇ ಅಡ್ಡ ನಿಲ್ಲಿ. ಮೀಟಿಂಗ್ ಮಿನಿಟ್ಸ್ ಅವರೇ ಬರೆಯಲಿ, ಯಾರು, ಯಾವಾಗ ಎಂಬುದಿಲ್ಲದಿದ್ದರೆ ವಾಪಸ್ ಕೊಡಿ. ಕೆಲಸ ತಡವಾದಾಗ ‘ಇನ್ನಿಬ್ಬರನ್ನು ಹಾಕೋಣ’ ಎಂದರೆ ಸಾಫ್ಟ್‌ವೇರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲೇ ಕೊಟ್ಟ ಎಚ್ಚರಿಕೆ ಹೇಳಿ: ತಡವಾದ ಸಾಫ್ಟ್‌ವೇರಿಗೆ ಜನ ಸೇರಿಸಿದರೆ ಇನ್ನೂ ತಡ.

ಅಂದಹಾಗೆ, ಆ ಹುಡುಗಿಯನ್ನು 1961ರ ಅಪ್ರೆಂಟಿಸ್ ಕಾಯ್ದೆಯಡಿ ತೆಗೆದುಕೊಂಡಿದ್ದರೆ ಸ್ಟೈಪೆಂಡ್ ಕೊಡಲೇಬೇಕು. ತಿಂಗಳ ಕೊನೆಯಲ್ಲಿ ಅದನ್ನು ಅವಳೇ ಕೇಳುವ ಹಾಗೆ ಮಾಡಬೇಡಿ.