ಹಳೆಯ ಟ್ರ್ಯಾಕ್ಟರ್, ಟ್ರೈಲರ್‌ಗಳಿಗೆ ತುಕ್ಕು: ನಿವಾರಣೆ ಮತ್ತು ತಡೆ

ಟ್ರ್ಯಾಕ್ಟರ್ ಹಳೆಯದಾದಂತೆ ನಮ್ಮ ರೈತರು ಎಂಜಿನ್ನಿನ ಕಡೆಗೆ ಕೊಡುವ ಗಮನವನ್ನು ಅದರ ತಗಡಿನ ಭಾಗಗಳ ಕಡೆಗೆ ಕೊಡುವುದಿಲ್ಲ. ಎಂಜಿನ್ನನ್ನು ಬಿಚ್ಚಿ ದುರಸ್ತಿ ಮಾಡಿಸಬಹುದು. ಆದರೆ ತುಕ್ಕು ತಿಂದುಹಾಕಿದ ಕಬ್ಬಿಣ ಮರಳಿ ಬರುವುದಿಲ್ಲ. ಎಚ್.ಎಂ.ಟಿ. ಸಂಸ್ಥೆಯು 1971ರಲ್ಲಿ ಝೀಟರ್ ಸಹಯೋಗದಿಂದ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಇಂತಹ ಹಳೆಯ ಯಂತ್ರಗಳ ಬಾನೆಟ್, ಮಡ್‌ಗಾರ್ಡ್‌ಗಳನ್ನು ಇರುವ ಸ್ಥಿತಿಯಲ್ಲೇ ಉಳಿಸಿಕೊಳ್ಳುವುದು ಲಾಭದಾಯಕ. ಟ್ರೈಲರ್ ವಿಷಯದಲ್ಲಂತೂ ಇದು ಅಂದದ ಪ್ರಶ್ನೆ ಮಾತ್ರವಲ್ಲ. ಕಬ್ಬು ಹೇರಿದ ಟ್ರೈಲರ್‌ನ ಕೊಂಡಿಯ ಭಾಗ ತುಕ್ಕಿನಿಂದ ಸವೆದು ರಸ್ತೆಯಲ್ಲಿ ಕಳಚಿದರೆ ಪ್ರಾಣಹಾನಿ ಆಗಬಹುದು.

ಆಯುಧಪೂಜೆ ಹತ್ತಿರ ಬಂದಾಗ ತುಕ್ಕಿನ ಮೇಲೆಯೇ ಹೊಸ ಬಣ್ಣ ಬಳಿಯುವ ರೂಢಿ ಅನೇಕ ಕಡೆ ಇದೆ. ಹಬ್ಬದ ದಿನ ಗಾಡಿ ಹೊಸದರಂತೆ ಕಂಡರೂ ಮುಂದಿನ ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದು ಚಕ್ಕೆಯಾಗಿ ಉದುರುತ್ತದೆ. ಬಣ್ಣ ತುಕ್ಕನ್ನು ಮುಚ್ಚುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ತುಕ್ಕು ಹಿಡಿಯಲು ಕಾರಣ

ಕಬ್ಬಿಣಕ್ಕೆ ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಇವೆರಡರಲ್ಲಿ ಒಂದನ್ನು ದೂರವಿಟ್ಟರೂ ತುಕ್ಕು ಹಿಡಿಯದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಮೇಲಿನ ಬಣ್ಣವನ್ನು ಎತ್ತಿ ಒಡೆಯುತ್ತದೆ. ಒಡೆದ ಬಿರುಕಿನಲ್ಲಿ ನೀರು ಇಳಿದು ಮತ್ತಷ್ಟು ತುಕ್ಕಾಗುತ್ತದೆ.

ಲವಣಗಳು ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ. ಯೂರಿಯಾ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಗೊಬ್ಬರ ಹೇರಿದ ಟ್ರೈಲರನ್ನು ತೊಳೆಯದೆ ಬಿಟ್ಟರೆ ಅದರ ತಳ ಬೇಗ ತೂತಾಗುವುದು ಇದರಿಂದಲೇ. ಕರಾವಳಿಯಲ್ಲಿ ಕಡಲ ಗಾಳಿಯ ಉಪ್ಪು ಇದೇ ಕೆಲಸ ಮಾಡುತ್ತದೆ. ದನದ ಕೊಟ್ಟಿಗೆಯ ಪಕ್ಕದಲ್ಲಿ, ಗಂಜಲ ಹರಿಯುವ ಕಡೆ ಯಂತ್ರವನ್ನು ನಿಲ್ಲಿಸುವುದೂ ಒಳ್ಳೆಯದಲ್ಲ.

ಪರೀಕ್ಷೆ

ಕೆಲಸ ಆರಂಭಿಸುವ ಮೊದಲು ಕೆಳಗಿನ ಜಾಗಗಳನ್ನು ನೋಡಬೇಕು: ಟ್ರೈಲರ್ ತಳದ ಮೂಲೆಗಳು, ಬೆಸುಗೆಯ ಸಂದುಗಳು, ಎಳೆಯುವ ತೊಲೆ ಮತ್ತು ಕೊಂಡಿ, ಮಡ್‌ಗಾರ್ಡಿನ ಒಳಮೈ, ಕಾಲಿಡುವ ಹಲಗೆ, ಬ್ಯಾಟರಿಯ ತಟ್ಟೆ. ಅನುಮಾನವಿದ್ದ ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿರಿ. ಗಟ್ಟಿ ಲೋಹ ಕಣಕಣ ಎನ್ನುತ್ತದೆ. ತುಕ್ಕು ತಿಂದ ಲೋಹದ ಸದ್ದು ಬೊದ್ದಾಗಿರುತ್ತದೆ. ಸ್ಕ್ರೂಡ್ರೈವರಿನ ಮೊನೆ ಒಳಹೊಕ್ಕರೆ ಆ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ತೊಲೆ ಅಥವಾ ಕೊಂಡಿ ಸವೆದಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬಣ್ಣದ ಮಾತೇ ಬೇಡ, ಅದನ್ನು ಬದಲಿಸಬೇಕು. ಡೀಸೆಲ್ ಟ್ಯಾಂಕ್ ಖಾಲಿಯಿದ್ದರೂ ಒಳಗಿನ ಆವಿ ಸ್ಫೋಟಿಸಬಹುದಾದ್ದರಿಂದ ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕಬಾರದು.

ತುಕ್ಕು ತೆಗೆಯುವ ಕ್ರಮ

ಮೊದಲು ಮಣ್ಣು, ಸಗಣಿ ಮತ್ತು ಗೊಬ್ಬರದ ಅಂಶವನ್ನು ನೀರಿನಿಂದ ತೊಳೆಯಬೇಕು. ಗ್ರೀಸ್, ಎಣ್ಣೆಯನ್ನು ಸಾಬೂನು ನೀರಿನಿಂದ, ಅನಂತರ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ತೆಗೆಯಬೇಕು. ಎಣ್ಣೆ ಇರುವಾಗ ಉಜ್ಜಿದರೆ ಅದು ಲೋಹದ ಗೀರುಗಳೊಳಗೆ ಹರಡುತ್ತದೆ.

1. ಉಜ್ಜುವುದು: ಸಡಿಲವಾದ ಚಕ್ಕೆಗಳನ್ನು ತಂತಿ ಬ್ರಷ್‌ನಿಂದಲೂ ಉಳಿದದ್ದನ್ನು 80ನೇ ನಂಬರಿನ ಎಮರಿ ಕಾಗದದಿಂದಲೂ ಲೋಹ ಹೊಳೆಯುವವರೆಗೆ ಉಜ್ಜಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವವುಂಟು. ಆದ್ದರಿಂದ ಅದನ್ನು ಒಣಗಿಸಿ ಕೆರೆಯದೆ ನೀರು ಹಾಕಿ ಉಜ್ಜಬೇಕು ಮತ್ತು ಮುಖಕ್ಕೆ ಮಾಸ್ಕ್ ಧರಿಸಬೇಕು. ಉದುರಿದ ಚಕ್ಕೆಗಳನ್ನು ಒಟ್ಟುಗೂಡಿಸಿ ಮಕ್ಕಳಿಗೂ ದನಗಳಿಗೂ ಸಿಗದಂತೆ ಮಾಡಬೇಕು. ಸೀಸವಿರುವ ಬಣ್ಣ ನೆಕ್ಕಿ ದನಗಳು ಸಾಯುವುದುಂಟು.

2. ಫಾಸ್ಫಾರಿಕ್ ಆಮ್ಲ: ಉಜ್ಜಿದರೂ ಕುಳಿಗಳಲ್ಲಿ ಉಳಿಯುವ ತುಕ್ಕಿಗೆ ಈ ಆಮ್ಲವಿರುವ ತುಕ್ಕು ನಿವಾರಕ ಉಪಯುಕ್ತ. ಇದು ತುಕ್ಕನ್ನು ಕರಗಿಸಿ ಲೋಹದ ಮೇಲೆ ಫಾಸ್ಫೇಟಿನ ತೆಳುಪದರ ಬಿಡುತ್ತದೆ. ಡಬ್ಬಿಯ ಮೇಲಿನ ಸೂಚನೆಯಂತೆ ಬಳಿದು, ಒಣಗಲು ಬಿಡದೆ ತೊಳೆದು ಬೇಗ ಒಣಗಿಸಬೇಕು. ಕೈಗವಸು, ಕನ್ನಡಕ ಅವಶ್ಯ. ದುರ್ಬಲಗೊಳಿಸುವಾಗ ಆಮ್ಲವನ್ನೇ ನೀರಿಗೆ ಹಾಕಬೇಕು. ನೀರನ್ನು ಆಮ್ಲಕ್ಕೆ ಸುರಿಯಬಾರದು. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಬಳಸಬೇಡಿರಿ. ಸಂದುಗಳಲ್ಲಿ ಉಳಿಯುವ ಅದರ ಕ್ಲೋರೈಡ್ ಮತ್ತೆ ತುಕ್ಕು ಹುಟ್ಟಿಸುತ್ತದೆ.

3. ಟ್ಯಾನಿನ್ ಇರುವ ತುಕ್ಕು ಪರಿವರ್ತಕ: ಕೈಗೆ ಎಟುಕದ ಕಡೆ, ಸಡಿಲ ತುಕ್ಕು ತೆಗೆದ ನಂತರ ಇದನ್ನು ಬಳಿಯಬಹುದು. ಅಳಲೆಕಾಯಿಯ ಒಗರು ನೀರು ಕಬ್ಬಿಣದ ಅಂಶದೊಡನೆ ಸೇರಿ ಕಪ್ಪಾಗುವಂತೆ, ಇದೂ ತುಕ್ಕನ್ನು ಗಟ್ಟಿಯಾದ ಕಪ್ಪು ಪದರವಾಗಿ ಮಾರ್ಪಡಿಸುತ್ತದೆ. ಆದರೆ ಇದು ಬಣ್ಣಕ್ಕೆ ಬದಲಿಯಲ್ಲ.

4. ವಿದ್ಯುತ್ತಿನ ವಿಧಾನ: ಚಿಕ್ಕ ಭಾಗಗಳಿಗೆ ಇದು ಬಹಳ ಅನುಕೂಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಲೀಟರ್ ನೀರಿಗೆ 5ರಿಂದ 10 ಗ್ರಾಂನಂತೆ ವಾಷಿಂಗ್ ಸೋಡಾ ಕರಗಿಸಬೇಕು. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತಂತಿಯನ್ನು ಹಳೆಯ ಕಬ್ಬಿಣದ ತುಂಡಿಗೂ ಜೋಡಿಸಿ ಎರಡನ್ನೂ ಒಂದಕ್ಕೊಂದು ತಾಗದಂತೆ ಮುಳುಗಿಸಬೇಕು. ತುಕ್ಕು ಕಪ್ಪು ಮಸಿಯಂತಾಗಿ ಬ್ರಷ್‌ನಿಂದ ಸುಲಭವಾಗಿ ಹೋಗುತ್ತದೆ. ಇದರಲ್ಲಿ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬಯಲಿನಲ್ಲೇ ಮಾಡಬೇಕು. ಬೀಡಿ, ಬೆಂಕಿ ಹತ್ತಿರ ಬರಬಾರದು. ನೀರಿಗೆ ಕೈಹಾಕುವ ಮೊದಲು ಚಾರ್ಜರನ್ನು ನಿಲ್ಲಿಸಬೇಕು. ಸೋಡಾಕ್ಕೆ ಬದಲು ಅಡಿಗೆ ಉಪ್ಪನ್ನೂ ಕಬ್ಬಿಣದ ತುಂಡಿಗೆ ಬದಲು ಸ್ಟೇನ್‌ಲೆಸ್ ಸ್ಟೀಲನ್ನೂ ಬಳಸಬಾರದು. ವಿಷಕಾರಿ ವಸ್ತುಗಳು ಉಂಟಾಗುತ್ತವೆ. ಅಲ್ಯೂಮಿನಿಯಂ ಭಾಗಗಳಿಗೆ, ಸ್ಪ್ರಿಂಗುಗಳಿಗೆ ಮತ್ತು ಹೆಚ್ಚು ಭಾರ ಹೊರುವ ಗಟ್ಟಿ ಬೋಲ್ಟುಗಳಿಗೆ ಈ ವಿಧಾನ ತಕ್ಕುದಲ್ಲ.

ಬ್ಯಾಟರಿ ತಟ್ಟೆಯ ತುಕ್ಕಿಗೆ ಕಾರಣ ಚೆಲ್ಲಿದ ಗಂಧಕಾಮ್ಲ. ಅದನ್ನು ಅಡಿಗೆ ಸೋಡಾ ಕಲಸಿದ ನೀರಿನಿಂದ ನೊರೆ ನಿಲ್ಲುವವರೆಗೆ ತೊಳೆದು ಅನಂತರ ಉಜ್ಜಬೇಕು.

ಬರಿ ಲೋಹಕ್ಕೆ ಬಣ್ಣ

ಇಲ್ಲಿಯೇ ಹೆಚ್ಚು ತಪ್ಪುಗಳಾಗುತ್ತವೆ. ಉಜ್ಜಿ ಹೊಳೆಯುವ ಲೋಹಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಮಳೆಗಾಲದ ತೇವದಲ್ಲಿ ಕೆಲವು ಗಂಟೆಗಳಲ್ಲಿಯೇ ಅದು ಕೆಂಪೇರುತ್ತದೆ. ಬೆವರಿನ ಕೈ ತಾಗಿದ ಗುರುತೂ ಮರುದಿನ ತುಕ್ಕಾಗಿ ಕಾಣುತ್ತದೆ. ಆದ್ದರಿಂದ ಒಂದು ದಿನದಲ್ಲಿ ಪ್ರೈಮರ್ ಬಳಿಯಲು ಸಾಧ್ಯವಿರುವಷ್ಟೇ ಭಾಗವನ್ನು ಆ ದಿನ ಉಜ್ಜಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಆರಂಭಿಸಿ, ಸಂಜೆ ತೇವ ಇಳಿಯುವ ಮುನ್ನ ಮುಗಿಸುವುದು ಮೇಲು.

ಪ್ರೈಮರ್ ಎರಡು ಸಲ ಬಳಿಯಬೇಕು. ಜಿಂಕ್ ಫಾಸ್ಫೇಟ್ ಅಥವಾ ಎಪಾಕ್ಸಿ ಪ್ರೈಮರ್ ಉತ್ತಮ. ಕಡಿಮೆ ಖರ್ಚಿಗೆ ರೆಡ್ ಆಕ್ಸೈಡ್ ಆಗಬಹುದು. ಬಣ್ಣ ತೆಳುವಾಗಿ ನಿಲ್ಲುವ ಅಂಚು, ಬೆಸುಗೆ ಮತ್ತು ಬೋಲ್ಟಿನ ತಲೆಗಳಿಗೆ ಬ್ರಷ್‌ನಿಂದ ಮೊದಲೇ ಒಂದು ಸಲ ಹೆಚ್ಚಾಗಿ ಬಳಿಯಬೇಕು. ತಗ್ಗುಗಳಿಗೆ ಪುಟ್ಟಿ ಹಾಕುವುದಿದ್ದರೆ ಎಪಾಕ್ಸಿ ಪ್ರೈಮರಿನ ಮೇಲೆ ಹಾಕಿರಿ. ಬರಿ ಲೋಹದ ಮೇಲೆ ಹಾಕಿದ ಪುಟ್ಟಿ ತೇವ ಹೀರಿ ಅಡಿಯಲ್ಲಿ ತುಕ್ಕು ಬೆಳೆಸುತ್ತದೆ.

ರೆಡ್ ಆಕ್ಸೈಡ್ ಬಳಿದು ಅಷ್ಟಕ್ಕೇ ಬಿಟ್ಟ ಟ್ರೈಲರ್‌ಗಳು ಅನೇಕ. ಅದರ ಪದರದಲ್ಲಿ ನೀರು ಇಳಿಯುತ್ತದೆ. ಆದ್ದರಿಂದ ಅದರ ಮೇಲೆ ಎರಡು ಸಲ ಎನಾಮಲ್ ಬಣ್ಣ ಕಡ್ಡಾಯವಾಗಿ ಬೇಕು. ಪ್ರತಿಯೊಂದು ಪದರವೂ ಡಬ್ಬಿಯಲ್ಲಿ ತಿಳಿಸಿದಷ್ಟು ಕಾಲ ಒಣಗಬೇಕು.

ಮುಂದಿನ ರಕ್ಷಣೆ

* ಗೊಬ್ಬರ ಸಾಗಿಸಿದ ದಿನವೇ ಟ್ರೈಲರನ್ನು ತೊಳೆದು, ಹಿಂಬಾಗಿಲು ತೆರೆದು ಓರೆಯಾಗಿ ನಿಲ್ಲಿಸಬೇಕು.
* ನೀರು ಹರಿದುಹೋಗುವ ರಂಧ್ರಗಳು ಕಟ್ಟದಂತೆ ನೋಡಿಕೊಳ್ಳಬೇಕು.
* ನೇಗಿಲ ಕುಳದಂತಹ ಬಣ್ಣ ನಿಲ್ಲದ ಭಾಗಗಳಿಗೆ ಉಳುಮೆ ಮುಗಿದೊಡನೆ ತೊಳೆದು, ಒಣಗಿಸಿ, ಗ್ರೀಸ್ ಸವರಬೇಕು.
* ಬಣ್ಣ ಕೆತ್ತಿಹೋದ ಜಾಗವನ್ನು ನಾಣ್ಯದಷ್ಟಿರುವಾಗಲೇ ಉಜ್ಜಿ ಪ್ರೈಮರ್ ಹಾಕಬೇಕು.

ಸುಗ್ಗಿ ಮುಗಿದ ಒಣ ತಿಂಗಳುಗಳಲ್ಲಿ ಈ ಕೆಲಸ ಕೈಗೊಂಡರೆ ಅವಸರವಿರುವುದಿಲ್ಲ, ಲೋಹವೂ ಒಣಗಿರುತ್ತದೆ. ಇಡೀ ಗಾಡಿಗೆ ಒಮ್ಮೆಲೇ ಖರ್ಚು ಮಾಡಲಾಗದ ರೈತರು ಮೊದಲ ವರ್ಷ ತೊಲೆ, ಕೊಂಡಿ ಮತ್ತು ತಳವನ್ನು ಸರಿಪಡಿಸಲಿ. ಮಡ್‌ಗಾರ್ಡ್, ಬಾನೆಟ್‌ಗಳ ಸರದಿ ಮರುವರ್ಷ ಬರಲಿ.